ಹಿಂದಿನ ಎಡಗಡೆಯ ಟಯರು

ಶಿವಾನಂದ ಮಾಮಾ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಟಯರಿನ ಗಾಳಿ ಅಳೆಯುವ ಗೇಜನ್ನು ಸಿಕ್ಕಿಸಿಕೊಂಡೇ ಇರುತ್ತಿದ್ದರು. ಆಫೀಸಿಗೆ ಹೋಗುವಾಗಲೂ ಅದು ಇರುತ್ತಿತ್ತು, ಮದುವೆ ಮನೆಗೆ ರೇಷ್ಮೆ ಅಂಗಿ ಹಾಕಿಕೊಂಡು ಹೊರಟಾಗಲೂ ಇರುತ್ತಿತ್ತು. ದುರ್ಗಾಪೂಜೆಯ ಅಷ್ಟಮಿಯ ದಿನ ಪೆಂಡಾಲಿನಲ್ಲಿ ಕೈಮುಗಿದು ಬಗ್ಗಿದರೆ ಹೂವಿನ ಜೊತೆ ಗೇಜೂ ದೇವಿಯ ಮುಂದೆ ಬೀಳುತ್ತಿತ್ತು. ಒಮ್ಮೆ ಅಲ್ಲಿಯ ಪುರೋಹಿತರು ಅದನ್ನು ಥರ್ಮಾಮೀಟರ್ ಎಂದುಕೊಂಡು, ಜ್ವರ ಬಂದಿದೆಯೇ ಎಂದು ವಿಚಾರಿಸಿದ್ದರು. ಮಾಮಾ ನಗಲಿಲ್ಲ. ಇದು ಏನು, ಇದರಿಂದ ಏನು ಉಪಯೋಗ ಎಂದು ತಮ್ಮ ಮುರುಕು ಬಂಗಾಳಿಯಲ್ಲಿ ವಿವರಿಸುತ್ತ ನಿಂತರು. ಹಿಂದೆ ಪುಷ್ಪಾಂಜಲಿಗೆಂದು ಸಾಲು ನಿಂತಿದ್ದವರು ಕೈಯಲ್ಲಿ ಹೂವು ಹಿಡಿದು ಕಾಯಬೇಕಾಯಿತು.

ಮಾಮಾ ಅಂದರೆ ನನ್ನ ಅಕ್ಕ ಗಿರಿಜಾಳ ಗಂಡ. ನಮ್ಮ ಹುಬ್ಬಳ್ಳಿಯ ಕಡೆ ಅಕ್ಕನ ಗಂಡನನ್ನು ಹಾಗೇ ಕರೆಯುವುದು. ಖಿದಿರ್‌ಪುರದ ಬಂದರಿನ ಹತ್ತಿರ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಇಂಜಿನಿಯರ್ ಆಗಿದ್ದರು, ಬೆಹಾಲಾದಲ್ಲಿ ಫ್ಲಾಟು. ನನಗೆ ವಿಮಾ ಕಂಪನಿಯಲ್ಲಿ ಕೆಲಸ ಸಿಕ್ಕಿ ಕೋಲ್ಕತ್ತಾಕ್ಕೆ ಬಂದಾಗ ಹೌರಾ ಸ್ಟೇಷನ್ನಿನಲ್ಲಿ ನನ್ನ ಪೆಟ್ಟಿಗೆಯನ್ನು ಕೂಲಿಯವನಿಗೂ ಕೊಡದೆ ತಾವೇ ಹೊತ್ತವರು ಅವರು. "ಅಕ್ಕನ ಮನಿ ಇರೂಮಟಾ ಮೆಸ್ಸಿನ್ಯಾಗ ಉಣ್ಣಾಕ ನಿನಗೇನ ಧಾಡಿ ಆಗೇತಿ, ಬಸೂ?" ಎಂದು ಗದರಿದ್ದರು. ಮದುವೆಯಾಗಿ ಬೇರೆ ಮನೆ ಮಾಡುವವರೆಗೂ ನಾನು ಅವರ ಅನ್ನ ಉಂಡಿದ್ದೇನೆ. ಅವರನ್ನು ಬೈಯಲು ನನಗೆ ಬಾಯಿ ಬರಬಾರದು. ಆದರೂ ಬೈಯುತ್ತೇನೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹಾಗೆ ಹೇಳುವವರ ಅಕ್ಕಂದಿರು ಸುಖವಾಗಿದ್ದಾರೆಂದು ಕಾಣುತ್ತದೆ.

ಮನೆಯಲ್ಲಿದ್ದದ್ದು ಗಂಡ, ಹೆಂಡತಿ, ಒಬ್ಬಳು ಮಗಳು ಸ್ಮಿತಾ. ಕೊಂಡದ್ದು ಮಾತ್ರ ಏಳು ಸೀಟಿನ, ಲಾರಿಯ ಎತ್ತರದ ಬಿಳಿ ಗಾಡಿ. ಇಷ್ಟು ದೊಡ್ಡದು ಯಾಕೆ ಎಂದರೆ, "ನಮ್ಮ ಮಂದಿ ಬಂದ್ರ ಎಲ್ಲೆ ಕುಂದರಸ್ಲಿ, ತೊಡೀ ಮ್ಯಾಲೆ?" ಅನ್ನುತ್ತಿದ್ದರು. ಸುಳ್ಳಲ್ಲ. ಊರಿಗೆ ಹೊಸದಾಗಿ ಬಂದಿಳಿದ ಯಾವ ಕನ್ನಡದವರಾದರೂ ಸರಿ, ಅವರ ಜಾತಿ, ಜಿಲ್ಲೆ, ಸಂಬಳ ಏನೂ ಕೇಳದೆ ಹೋಗಿ ಕರೆತರುತ್ತಿದ್ದರು. ಎರಡು ದಿನ ಮನೆಯಲ್ಲಿಟ್ಟುಕೊಂಡು, ಬಾಡಿಗೆ ಮನೆ ಹುಡುಕಿಕೊಟ್ಟು, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ತೋರಿಸಿ ಬಿಡುತ್ತಿದ್ದರು. ಉಳಿದಂತೆ ವಾರವೆಲ್ಲ ಗಾಡಿ ಕೆಳಗಿನ ಪಾರ್ಕಿಂಗಿನಲ್ಲಿ ನಿಂತೇ ಇರುತ್ತಿತ್ತು. ಮಾಮಾ ಆಫೀಸಿನ ಜೀಪಿನಲ್ಲಿ ಹೋಗಿ ಬರುತ್ತಿದ್ದರು. ನಿಂತ ಗಾಡಿಗೂ ದಿನಾ ಬೆಳಿಗ್ಗೆ ಉಪಚಾರ ತಪ್ಪುತ್ತಿರಲಿಲ್ಲ. ಸ್ನಾನಕ್ಕೆ ಮುಂಚೆ ಕೆಳಗಿಳಿದು ನಾಲ್ಕು ಚಕ್ರಗಳ ಮುಂದೂ ಒಂದೊಂದು ಸಲ ಬಗ್ಗಿ ಗೇಜು ಒತ್ತಿ ನೋಡಿ ಬರುತ್ತಿದ್ದರು.

ಬೆಳಿಗ್ಗೆಯೇ ಯಾಕೆ ಎಂದು ನಾನು ಕೇಳಿದ್ದೆ.

"ತಣ್ಣಗಿದ್ದಾಗ ನೋಡಬೇಕು. ಓಡಿ ಬಂದಾಂವನ ಬಿಪಿ ನೋಡಿ ರೋಗ ಹೇಳಾಕ ಬರ್ತೈತೇನು? ಓಡಿದ ಟಯರ್ ಬಿಸಿ ಆಗಿರ್ತೈತಿ, ಗಾಳಿ ಉಬ್ಬಿರ್ತೈತಿ. ಆವಾಗ ನೋಡಿ ಹೆಚ್ಚಾತು ಅಂತ ಬಿಟ್ಟಿ ಅಂದ್ರ, ಮರದಿನಾ ಮುಂಜಾನೆ ಕಡಿಮಿ ಬಿದ್ದಿರ್ತೈತಿ."

ಟಯರಿನ ಮೈಮೇಲೆ ಕೆತ್ತಿರುವ ಅಂಕಿಯನ್ನು ನೋಡಿ ಗಾಳಿ ತುಂಬಿಸುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಅದು ಟಯರು ತಡೆಯುವ ಮಿತಿ. ಗಾಡಿಗೆ ಬೇಕಾದದ್ದು ಡ್ರೈವರನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿರುತ್ತದೆ. "ಬೀಗರ ಮನ್ಯಾಗ ಎಷ್ಟು ಹೋಳಿಗಿ ಮಾಡ್ಯಾರ ಅಂತ ನೋಡಿ ಉಣ್ಣೂದಲ್ಲೋ, ನಿನ್ನ ಹೊಟ್ಟಿಗೆ ಎಷ್ಟು ಹಿಡೀತೈತಿ ಅಂತ ನೋಡಿ ಉಣ್ಣಬೇಕು." ಅವರ ಗಾಡಿಯ ಹೊಟ್ಟೆಗೆ ಮೂವತ್ತಮೂರು. ಏಳು ಜನ ತುಂಬಿ, ಮೇಲೆ ಸಾಮಾನು ಹೇರಿದರೆ ಹಿಂದಿನ ಎರಡಕ್ಕೆ ಮಾತ್ರ ಮೂವತ್ತಾರು. ಇದರಲ್ಲಿ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವವರು ಅವರನ್ನು ದೂರದಿಂದ ಕಂಡರೆ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಒಂದು ಸಲ ನಾವೆಲ್ಲ ದಿಘಾ ಸಮುದ್ರಕ್ಕೆ ಹೊರಟಿದ್ದೆವು. ಬಂಕಿನವನು ಪದ್ಧತಿಯಂತೆ ಎಲ್ಲದಕ್ಕೂ ನಲವತ್ತು ತುಂಬಿಸಿ, ಆಯಿತು ಹೋಗಿ ಎಂದು ಕೈ ಬೀಸಿದ. ಮಾಮಾ ಇಳಿದರು. ಜೇಬಿನಿಂದ ಗೇಜು ತೆಗೆದರು. "ದಾದಾ, ಛೊತ್ರಿಶ್! ಚೋಲ್ಲಿಶ್ ನೋಯ್, ಪಿಛೋನೇ ಛೊತ್ರಿಶ್!" ಎಂದು ಕೂಗಿದರು. ಹಿಂದಿನದಕ್ಕೆ ಮೂವತ್ತಾರು, ನಲವತ್ತಲ್ಲ ಎಂದು ಅರ್ಥ. ಅವನು, ತನ್ನ ಮಿಷಿನ್ ಸರಿಯಾಗಿದೆ ಎಂದ. ಇವರು, ಮಿಷಿನ್ ಸುಳ್ಳು ಹೇಳುತ್ತದೆ ಎಂದರು. ಹಿಂದೆ ನಿಂತ ಟ್ಯಾಕ್ಸಿಗಳು ಹಾರ್ನ್ ಹೊಡೆಯತೊಡಗಿದವು. ಸ್ಮಿತಾ ಕಿಟಕಿಯಿಂದ ತಲೆ ಹೊರಹಾಕಿ, "ಪಪ್ಪಾ, ಪ್ಲೀಸ್, ಎಲ್ಲಾರೂ ನೋಡ್ತಿದಾರೆ, ಛೋಡೋ ನಾ!" ಎಂದು ಅಳುವ ದನಿಯಲ್ಲಿ ಹೇಳಿದಳು. ಮಾಮಾ ಬಿಡಲಿಲ್ಲ. ನಾಲ್ಕೂ ಚಕ್ರದ ಗಾಳಿ ಬಿಟ್ಟು, ನೋಡಿ, ಬಿಟ್ಟು, ನೋಡಿ, ತಮ್ಮ ಲೆಕ್ಕಕ್ಕೆ ತಂದು ನಿಲ್ಲಿಸಿದ ಮೇಲೆಯೇ ಸ್ಟಿಯರಿಂಗ್ ಹಿಡಿದರು. ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದರು.

ಪಾಡಾದವರು, ಅಂದರೆ ಓಣಿಯವರು, ಅವರಿಗೆ ಹಾವಾ-ದಾ ಎಂದು ಹೆಸರಿಟ್ಟಿದ್ದರು; ಗಾಳಿಯಣ್ಣ. ಅದರಿಂದ ಮಾಮಾಗೆ ಬೇಸರವಾಗಲಿಲ್ಲ, ಪದವಿ ಕೊಟ್ಟಷ್ಟು ಖುಷಿಯಾಯಿತು. ಪಾರ್ಕಿಂಗಿನಲ್ಲಿ ನಿಂತ ಬೇರೆಯವರ ಗಾಡಿಗಳ ಜಾತಕವನ್ನೂ ಬರೆಯತೊಡಗಿದರು. ಮೇಲಿನ ಮನೆಯ ಡಾಕ್ಟರರನ್ನು ಲಿಫ್ಟಿನಲ್ಲಿ ಹಿಡಿದು, ನಿಮ್ಮ ಟಯರು ನಡುವೆ ಸವೆದಿದೆ, ಗಾಳಿ ಹೆಚ್ಚು ಹಾಕಿಸುತ್ತಿದ್ದೀರಿ ಎಂದರು. ಎರಡು ಅಂಚು ಸವೆದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದರೆ ಚಕ್ರದ ನೇರ ತಪ್ಪಿದೆ. ಡಾಕ್ಟರು ಪಾಪ, ತಮ್ಮ ರೋಗಿಗಳು ತಮ್ಮೆದುರು ಹೇಗೆ ನಿಲ್ಲುತ್ತಾರೋ ಹಾಗೆ ನಿಂತು ಕೇಳಿದರು.

ನನಗೆ ಗಾಡಿ ಕಲಿಸಿದವರು ಅವರೇ. ಭಾನುವಾರ ಬೆಳಿಗ್ಗೆ ಜೋಕಾದ ಆಚೆ ಖಾಲಿ ರಸ್ತೆಗೆ ಕರೆದೊಯ್ದು ಸ್ಟಿಯರಿಂಗ್ ಕೊಡುತ್ತಿದ್ದರು. ನಾನು ಕ್ಲಚ್ಚು ಬಿಟ್ಟು ಗಾಡಿ ಜಿಗಿಸಿದರೂ ಬೈಯುತ್ತಿರಲಿಲ್ಲ. ಒಮ್ಮೆ ಅಲ್ಲಿಯೇ ಮುಂದಿನ ಚಕ್ರಕ್ಕೆ ಮೊಳೆ ಚುಚ್ಚಿತ್ತು. ಗಾಳಿ ನಿಧಾನಕ್ಕೆ ಇಳಿಯುತ್ತಿತ್ತು. ಸ್ವಲ್ಪ ತುಂಬಿಸಿಕೊಂಡು ಮನೆ ಸೇರೋಣ, ಆಮೇಲೆ ಸರಿಯಾಗಬಹುದು ಎಂದೆ. ಮಾಮಾ ನನ್ನ ಮುಖವನ್ನು ಮರುಕದಿಂದ ನೋಡಿದರು. "ಟಯರ್ ತಾನ ಕೆಡ್ತೈತಿ ಬಸೂ, ತಾನ ಸರಿ ಆಗೂದಿಲ್ಲ. ಸಣ್ಣ ಸೋರಿಕಿ ಇರ್ತೈತಲ್ಲ, ಅದ ಮನಶ್ಯಾನ್ನ ಕೊಲ್ಲೂದು. ದೊಡ್ಡದು ಆದ್ರ ಗಾಡಿ ನಿಂತ ಬಿಡ್ತೈತಿ." ನಾವು ಅಲ್ಲಿಯೇ ಬಿಸಿಲಲ್ಲಿ ಸ್ಟೆಪ್ನಿ ಹಾಕಿದೆವು. ಅವರ ಮಾತಿನಲ್ಲಿ ಯಾವುದೂ ಪೊಳ್ಳಲ್ಲ. ಗಾಳಿಯ ವಿಷಯದಲ್ಲಿ ಅವರು ಹೇಳಿದ್ದೆಲ್ಲ ಸರಿಯೇ ಇರುತ್ತಿತ್ತು. ಕಷ್ಟವಿದ್ದದ್ದು ಅದರಲ್ಲೇ.

ಆ ಭಾನುವಾರಗಳಲ್ಲಿ ಅಕ್ಕ ಹಿಂದಿನ ಸೀಟಿನಲ್ಲಿ ಥರ್ಮಾಸ್ ಹಿಡಿದು ಕೂತಿರುತ್ತಿದ್ದಳು. ಗೇರು, ಬ್ರೇಕು ಎಲ್ಲವನ್ನೂ ಹಿಂದಿನಿಂದ ಕಣ್ಣಿಟ್ಟು ನೋಡುತ್ತಿದ್ದಳು. ಒಂದು ದಿನ, "ನಾನೂ ಕಲೀಲ್ಯಾ?" ಎಂದಳು.

"ನಿನಗ್ಯಾಕ ಬೇಕವಾ ಈ ತಲಿಬ್ಯಾನಿ? ನಾ ಇಲ್ಲೇನು?" ಎಂದು ಮಾಮಾ ನಕ್ಕರು. ಪ್ರೀತಿಯಿಂದಲೇ ನಕ್ಕರು. ಅಕ್ಕನೂ ನಕ್ಕಳು.

ಅಕ್ಕ ಗಣಿತದ ಪದವೀಧರೆ, ಬಿ.ಎಡ್. ಮಾಡಿದವಳು. ಮದುವೆಗೆ ಮುಂಚೆ ಹುಬ್ಬಳ್ಳಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಅವಳ ಕೈಯಲ್ಲಿ ಬೀಜಗಣಿತ ಕಲಿತವರು ಈಗಲೂ ಊರಲ್ಲಿ ಸಿಕ್ಕರೆ, ಟೀಚರು ಹೇಗಿದ್ದಾರೆ ಎಂದು ನನ್ನನ್ನು ಕೇಳುತ್ತಾರೆ. ಕೋಲ್ಕತ್ತಾಕ್ಕೆ ಬಂದ ಮೇಲೆ ಮಗಳು ಚಿಕ್ಕವಳು, ಭಾಷೆ ಬರುವುದಿಲ್ಲ, ಮನೆಗೆ ಬಂದುಹೋಗುವವರು ಬಹಳ, ಹೀಗೆ ವರ್ಷಗಳು ಸರಿದವು. ಸ್ಮಿತಾ ಕಾಲೇಜು ಎಂದು ಪುಣೆಯ ಹಾಸ್ಟೆಲ್ಲಿಗೆ ಹೋದ ವರ್ಷ ಅಕ್ಕ ಯಾರಿಗೂ ಹೇಳದೆ ಎರಡು ಕೆಲಸ ಮಾಡಿದಳು. ಬೆಹಾಲಾದ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸು ಮಾಡಿಸಿಕೊಂಡಳು. ಜೋಕಾದಿಂದಲೂ ಮುಂದಿದ್ದ ಒಂದು ಶಾಲೆಗೆ ಅರ್ಜಿ ಹಾಕಿ, ಗಣಿತದ ಟೀಚರ್ ಆಗಿ ಆಯ್ಕೆಯಾದಳು. ಎರಡೂ ಆದ ಮೇಲೆ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು.

ಮಾಮಾ ಬೇಡ ಅನ್ನಲಿಲ್ಲ. ಇದನ್ನು ನಾನು ಬರೆಯಲೇಬೇಕು, ಯಾಕೆಂದರೆ ಅವರು ಜೀವಮಾನದಲ್ಲಿ ಅಕ್ಕನಿಗೆ ಒಂದು ಸಲವೂ ಬೇಡ ಎಂದವರಲ್ಲ. ಮಾರನೆಯ ದಿನ ಪೊಟ್ಟಣಗಟ್ಟಲೆ ಸಂದೇಶ್ ಮಿಠಾಯಿ ತಂದು ಇಡೀ ಕಟ್ಟಡಕ್ಕೆ ಹಂಚಿದರು. "ನಮ್ಮ ಗಿರಿಜಾ ಈಗ ಟೀಚರಮ್ಮ! ಇನ್ನ ನಮ್ಮನ್ನೂ ಬೆಂಚಿನ ಮ್ಯಾಲೆ ನಿಂದರಸ್ತಾಳ" ಎಂದು ನನಗೆ ಫೋನ್ ಮಾಡಿ ನಕ್ಕರು. ಗಾಡಿಯ ಕೀಲಿಯನ್ನು ಅಕ್ಕನ ಅಂಗೈಗಿಟ್ಟು, "ಗಾಡಿ ನಿಂದ. ಖರೆ, ಗಾಳಿ ನೋಡದ ಹೊರಗ ತಗೀಬ್ಯಾಡ. ಇಷ್ಟ ನಂದು ಮಾತು" ಎಂದರು. ಇನ್ನೊಂದು ಗೇಜು ತಂದು ಅವಳಿಗೂ ಕೊಟ್ಟರು.

ಮೊದಲ ದಿನಗಳಲ್ಲಿ ಒಂದು ಸಂಜೆ ನಮ್ಮ ಮನೆಯ ಕೆಳಗೆ ಹಾರ್ನು ಕೇಳಿಸಿತು. ಬಗ್ಗಿ ನೋಡಿದರೆ ಆ ಬಿಳಿ ಗಾಡಿ, ಒಳಗೆ ಅಕ್ಕ ಒಬ್ಬಳೇ. ಪಕ್ಕದ ಸೀಟಿನಲ್ಲಿ ಮಕ್ಕಳ ನೋಟ್‌ಬುಕ್ಕುಗಳ ಗಂಟು. "ಬಸೂ, ಡೈಮಂಡ್ ಹಾರ್ಬರ್ ರೋಡಿನ ಲಾರಿ ಎಲ್ಲಾ ಹಿಂದ ಹಾಕಿ ಬಂದೇನಿ! ಬಾ, ಕುಂದರು, ನಿನ್ನ ಒಂದ ರೌಂಡ್ ಹೊಡಸ್ತೀನಿ" ಎಂದು ಕೂಗಿದಳು. ನಾನು ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ. ಹಾಗೆ ರಸ್ತೆಯ ಮಧ್ಯೆ ನಿಂತು ಕೂಗಿದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸ್ವಲ್ಪ ದಿನಕ್ಕೆ ಹಿಂದಿನ ಎಡಗಡೆಯ ಟಯರು ಸೋರತೊಡಗಿತು.

ಬೆಳಿಗ್ಗೆ ಅಕ್ಕ ಸೀರೆ ಉಟ್ಟು, ಡಬ್ಬಿ ಹಿಡಿದು ಕೆಳಗಿಳಿದು ಗೇಜು ಒತ್ತಿದರೆ ಇಪ್ಪತ್ತನಾಲ್ಕು. ಮಾಮಾ ತಾವೂ ಬಂದು ನೋಡಿ ತಲೆಯಾಡಿಸುತ್ತಿದ್ದರು. "ಹಿಂಗ ಹೊಂಟ್ರ ತಿರುವಿನ್ಯಾಗ ಗಾಡಿ ಕೈ ಬಿಡ್ತೈತಿ ಗಿರಿಜಾ. ಎತ್ತರದ ಗಾಡಿ, ಮಗ್ಗಲಾ ಹೊಳ್ಳಿದ್ರ ಮುಗೀತು. ಇವತ್ತೊಂದಿನ ಬಸ್ಸಿಗೆ ಹೋಗು." ಪಂಕ್ಚರ್ ಅಂಗಡಿಯವನು ಟಯರು ಬಿಚ್ಚಿ, ಸೋಪಿನ ನೀರು ಬಳಿದು ನೋಡಿದ. ಗುಳ್ಳೆ ಬರಲಿಲ್ಲ. ವಾಲ್ವು ಬದಲಾಯಿಸಿದ. ಎರಡು ದಿನ ಸರಿಯಿತ್ತು, ಮೂರನೆಯ ದಿನ ಮತ್ತೆ ಇಳಿದಿತ್ತು. ಸ್ಟೆಪ್ನಿ ಹಾಕಿಕೊಂಡು ಹೋಗುತ್ತೇನೆ ಎಂದು ಅಕ್ಕ ಹೇಳಿದರೆ, ಹಳೆಯ ಟಯರು, ಅದು ಅಂಗಡಿಯವರೆಗೆ ಮುಟ್ಟಿಸಲಿಕ್ಕೆ ಮಾತ್ರ, ದಿನಾ ಓಡಿಸಲಿಕ್ಕಲ್ಲ ಎಂದರು ಮಾಮಾ. ಅದೂ ಸರಿಯೇ. ಗಾಡಿಯಿಂದಲೇ ಕರೆಂಟು ಎಳೆದು ಗಾಳಿ ತುಂಬುವ ಸಣ್ಣ ಪಂಪನ್ನು ನಾನು ತಂದುಕೊಟ್ಟೆ. ಮಾಮಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಪಾಟಿನ ಮೇಲಿಟ್ಟರು.

"ತುಂಬೂದು ದೊಡ್ಡ ಕೆಲಸಲ್ಲೋ. ಎಲ್ಲೆ ಹೊಂಟೈತಿ ಅನ್ನೂದು ಸಿಗೂಮಟಾ ನಾ ಆಕೀನ್ನ ಆ ಗಾಡ್ಯಾಗ ಕಳಸಾಂವ ಅಲ್ಲ. ಆಕೀಗೆ ಏನರ ಆದ್ರ ನಿಮ್ಮ ಅವ್ವಗ ನಾ ಏನ ಮಾರಿ ತೋರಸ್ಲಿ?"

ಇದಕ್ಕೆ ಯಾರು ಏನು ಹೇಳಬೇಕು? ಕಟ್ಟಡದ ಹೆಂಗಸರು ಅಕ್ಕನಿಗೆ, ನಿನ್ನ ಅದೃಷ್ಟ ನೋಡು, ನಮ್ಮ ಗಂಡಂದಿರಿಗೆ ನಾವು ಹೋದದ್ದೂ ಗೊತ್ತಿಲ್ಲ ಬಂದದ್ದೂ ಗೊತ್ತಿಲ್ಲ ಎಂದರು. ಹಾವಾ-ದಾನ ಕೀರ್ತಿ ಇನ್ನೊಂದು ಮಹಡಿ ಏರಿತು.

ಆಗ ಡೈಮಂಡ್ ಹಾರ್ಬರ್ ರಸ್ತೆಯ ತುಂಬ ಮೆಟ್ರೋದ ಕಂಬ, ತಗಡಿನ ಬೇಲಿ, ಅಗೆದ ಮಣ್ಣು. ಮಳೆ ಬಂದರೆ ಬೆಹಾಲಾ ಹೊಂಡವಾಗುತ್ತಿತ್ತು. ಅಕ್ಕ ಬಸ್ಸಿನ ಕಂಬಿ ಹಿಡಿದು ನಿಂತು, ಇಳಿದು, ಆಟೋ ಹಿಡಿದು ಶಾಲೆ ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ಡು ಅರ್ಧ ಮುಗಿದಿರುತ್ತಿತ್ತು. ಹೆಡ್‌ಮಿಸ್ಸು ಮೊದಲು ನಗುತ್ತ ಹೇಳಿದರು, ಆಮೇಲೆ ನಗದೆ ಹೇಳಿದರು. ದಿನಾ ಬಸ್ಸಿಗೇ ಮುಂಚೆ ಹೊರಟರಾಗದೇ ಎಂದರೆ, ಅದೂ ಆಗುತ್ತಿರಲಿಲ್ಲ. ಯಾಕೆಂದರೆ ದಿನಾ ಬೆಳಿಗ್ಗೆ, ಇವತ್ತು ಗಾಳಿ ಸರಿ ಇರಬಹುದು ಎಂಬ ಆಸೆ. ಕೆಲವು ದಿನ ಸರಿಯೇ ಇರುತ್ತಿತ್ತು. ಆ ಕೆಲವು ದಿನಗಳೇ ಅವಳನ್ನು ಕೆಡಿಸಿದವು.

ಪೂಜೆಯ ರಜೆಗೆ ಮುಂಚೆ ಅಕ್ಕ ರಾಜೀನಾಮೆ ಕೊಟ್ಟಳು. ನಾನು ಹೋದಾಗ ಮಾಮಾ ಅವಳಿಗೆ ರಸಗುಲ್ಲದ ಬಟ್ಟಲು ಹಿಡಿದು ಸಮಾಧಾನ ಮಾಡುತ್ತಿದ್ದರು. "ಹೋಗ್ಲಿ ಬಿಡು. ಆ ಧೂಳಿನ್ಯಾಗ ಯಾಂವ ಸಾಯ್ತಾನು? ನಮಗೇನ ಕಮ್ಮಿ ಐತಿ?" ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಆ ನೀರು ಸುಳ್ಳಲ್ಲ.

ಚಳಿಗಾಲ ಬಂತು. ಒಂದು ಭಾನುವಾರ ಎಲ್ಲರೂ ಊಟಕ್ಕೆಂದು ಹೊರಗೆ ಹೊರಟೆವು. ಮಾಮಾ ಎಂದಿನಂತೆ ನಾಲ್ಕು ಚಕ್ರ ನೋಡಿ ಬಂದು, "ಎಲ್ಲಾ ಮೂವತ್ತಮೂರು" ಎಂದರು. ಎಡಗಡೆಯದು ಏನಾಯಿತು ಎಂದು ಕೇಳಿದೆ. ಸುಮ್ಮನೆ ಕೇಳಿದೆ, ನನಗೆ ಯಾವ ಅನುಮಾನವೂ ಇರಲಿಲ್ಲ.

"ಅದಾ? ಈಗ ಚಲೋ ಐತಿ."

"ಹೊಸಾದು ಹಾಕಿಸಿದ್ರ್ಯಾ?"

"ಇಲ್ಲೋ. ತಾನ ಸರಿ ಆತು."

ಅವರು ಸ್ಟಿಯರಿಂಗ್ ಹಿಡಿದು ಗೇರು ಹಾಕಿದರು. ಮುಂದಿನ ಸೀಟಿನಲ್ಲಿ ಕೂತಿದ್ದ ನಾನು ಅವರನ್ನೇ ನೋಡಿದೆ. ಟಯರು ತಾನಾಗಿ ಸರಿಯಾಗುವುದಿಲ್ಲ ಎಂದು ನನಗೆ ಬಿಸಿಲಲ್ಲಿ ನಿಲ್ಲಿಸಿ ಕಲಿಸಿದ ಮನುಷ್ಯ. ಅವರಿಗೂ ತಮ್ಮ ಬಾಯಿಂದ ಏನು ಬಂತೆಂದು ಆ ಕ್ಷಣಕ್ಕೇ ತಿಳಿಯಿತೆಂದು ಕಾಣುತ್ತದೆ. ಕಿವಿಯ ತುದಿ ಕೆಂಪಾಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಜೇಬಿನ ಗೇಜನ್ನು ಮುಟ್ಟಿ ನೋಡಿಕೊಂಡರು. ಹಿಂದೆ ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ಅಕ್ಕ ಜಗಳವಾಡುತ್ತಿದ್ದಳು, ನಾನು ಆಡುತ್ತಿದ್ದೆ, ಸ್ಮಿತಾ ಪುಣೆಯಿಂದ ಬಂದು ಆಡುತ್ತಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಮಾಡಿ ಮುಗಿಸಿದ್ದರು. ಅದೂ ತಮಗೆ ದೇವರಿಗಿಂತ ಹೆಚ್ಚಾದ ಆ ಗಾಳಿಯನ್ನೇ ಟಯರಿನಿಂದ ಕದ್ದು ಹೊರಬಿಟ್ಟು.

ಅಕ್ಕನಿಗೆ ನಾನು ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲದೆ ಇರುವುದೇ ಒಳ್ಳೆಯದು ಎಂದುಕೊಂಡೆ. ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಕರೆದಾಗೆಲ್ಲ ಆಫೀಸಿನ ನೆಪ ಹೇಳಿದೆ.

ಮಾಮಾ ನಿವೃತ್ತರಾದ ಮೇಲೆ ಮೆತ್ತಗಾದರು. ಹೃದಯದ ತೊಂದರೆ ಎಂದು ಒಮ್ಮೆ ಆಸ್ಪತ್ರೆ ಸೇರಿ ಬಂದರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಆಗಲೇ, ಪಾರ್ಕಿಂಗಿನಲ್ಲಿ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಗಾಡಿಯ ಪಕ್ಕ ಕೂತಿದ್ದರು. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಗೇಜನ್ನು ನನ್ನ ಕೈಗೆ ಕೊಟ್ಟು, "ನೋಡೋ ಬಸೂ, ಎಷ್ಟೈತಿ?" ಎಂದರು. ನಾನು ಒಂದೊಂದೇ ಚಕ್ರಕ್ಕೆ ಒತ್ತಿ ಅಂಕಿ ಹೇಳುತ್ತ ಹೋದೆ. ಹಿಂದಿನ ಎಡಗಡೆಯದರ ಮುಂದೆ ಕೂತಾಗ ತಡೆಯಲಾಗಲಿಲ್ಲ.

"ಮಾಮಾ, ಈ ಟಯರ್ ಆವಾಗ ಹೆಂಗ ಸರಿ ಆತ್ರಿ?"

ಗೇಟಿನ ಹೊರಗೆ ಮೀನಿನ ಗಾಡಿಯವನು ಕೂಗಿಕೊಂಡು ಹೋದ.

"ರಸ್ತಾ ಭಾಳ ಕೆಟ್ಟಿತ್ತೋ ಆವಾಗ" ಎಂದರು. ಆಮೇಲೆ, "ಆಫೀಸಿನ್ಯಾಗ ನನ್ನ ಯಾರೂ ಕೇಳತಿರ್ಲಿಲ್ಲ. ಮನಿಗೆ ಬಂದ್ರ ಮನಿ ಖಾಲಿ. ಕುಕ್ಕರಿನ ಸಪ್ಪಳಾ ಸುದ್ದೆ ಇಲ್ಲ" ಎಂದರು. ಇಷ್ಟೇ. ಕ್ಷಮೆ ಕೇಳಲಿಲ್ಲ, ನಾನೇನು ಅದನ್ನು ಕೊಡಲು ಹೋಗಿರಲಿಲ್ಲ. ಗೇಜನ್ನು ಅವರ ಕೈಗೆ ವಾಪಸು ಕೊಟ್ಟು ಎದ್ದೆ. ತಿಂಗಳೊಳಗೆ ಮಾಮಾ ಹೋದರು.

ಹೋದ ಚಳಿಗಾಲದಲ್ಲಿ ಗಾಡಿ ಮಾರಲು ಅಕ್ಕ ನನ್ನನ್ನು ಕರೆಸಿದಳು. ಯಾಕೆ ಮಾರುತ್ತೀ, ನೀನೇ ಓಡಿಸಿಕೊಂಡಿರು ಎಂದೆ. ಕೈ ತಪ್ಪಿಹೋಗಿದೆ, ಈಗ ಲಾರಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಎಂದಳು. "ಮತ್ತ ಈಗ ಮೆಟ್ರೋ ಬಂದೈತಲ್ಲ. ಜೋಕಾಕ್ಕ ಕಣ್ಣ ಮುಚ್ಚಿ ತೆಗಿಯೂದರಾಗ ಮುಟ್ಟಸ್ತೈತಿ" ಎಂದಳು. ಆಮೇಲೆ ತಾನೇ, "ಹೋಗಿ ಏನ ಮಾಡ್ಲಿ ಅಲ್ಲೆ" ಎಂದಳು.

ಕೊಳ್ಳಲು ಬಂದವನು ಟಯರುಗಳಿಗೆ ಬೂಟುಗಾಲಿನಿಂದ ಒಂದೊಂದು ಒದೆ ಕೊಟ್ಟ. ಮಾಮಾ ಇದ್ದಿದ್ದರೆ ಅವನನ್ನು ಗೇಟಿನಿಂದ ಆಚೆಗೆ ಕಳಿಸುತ್ತಿದ್ದರು. ಟಯರಿನಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದ. ಅಕ್ಕ ಬಂಗಾಳಿಯಲ್ಲಿ, ಏನೂ ಇಲ್ಲ, ಎಲ್ಲ ಚೆನ್ನಾಗಿವೆ ಎಂದಳು. ಅವನು ನಾಳೆ ಬರುತ್ತೇನೆಂದು ಹೋದ. ನಾವು ಮೇಲೆ ಬಂದೆವು. ಅಕ್ಕ ಬಟಾಣಿ ಸುಲಿಯಲು ಕೂತಳು. ನನಗೆ ಇಷ್ಟು ವರ್ಷ ಹಿಡಿದಿಟ್ಟದ್ದು ಒಮ್ಮೆಲೆ ಉಕ್ಕಿತು. ಹೇಳಿಬಿಟ್ಟೆ. ಆ ಟಯರು ಸೋರುತ್ತಿರಲಿಲ್ಲ, ಮಾಮಾನೇ ಬಿಡುತ್ತಿದ್ದರು, ನಿನ್ನ ನೌಕರಿ ಹೋದದ್ದು ಅದರಿಂದ, ಎಂದು ಬಡಬಡಿಸಿದೆ.

ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ" ಎಂದಳು.

"ಯಾವಾಗ ಗೊತ್ತಾತು?"

"ಕೆಲಸಾ ಬಿಡೂಕಿಂತ ಮೊದ್ಲ. ಒಂದಿನಾ ಮುಂಜಾನೆ ಜಲ್ದಿ ಎಚ್ಚರಾತು, ಕಸದ ಬುಟ್ಟಿ ಇಡಾಕ ಕೆಳಗ ಇಳದಿದ್ದೆ. ಇವರು ಟಯರ್ ಮುಂದ ಕುಂತಿದ್ರು. ನೋಡಾಕತ್ತಾರ ಅಂತ ತಿಳಕೊಂಡೆ. ಕಡ್ಡೀಲೆ ಒತ್ತಿ ಬಿಡಾಕತ್ತಿದ್ರು, ಸಪ್ಪಳಾ ಕೇಳಸ್ತು. ಬಂದಂಗ ತಿರುಗಿ ಮ್ಯಾಲೆ ಬಂದು ಅಕ್ಕಿ ತೊಳದೆ."

"ಮತ್ತ ಕೇಳಲಿಲ್ಲ? ನನಗರ ಹೇಳಬಾರದಾ? ಗೊತ್ತಿದ್ದೂ ಬಿಟ್ಟೇನು ನೌಕರಿ?"

"ಹೆಡ್‌ಮಿಸ್ಸು ಮೊದಲನೇ ಪೀರಿಯಡ್ ಬ್ಯಾರೆಯವರಿಗೆ ಕೊಟ್ಟಿದ್ರು. ಬಸ್ಸೂ ರೂಢಿ ಆಗಿತ್ತು. ಕೆಲಸಾ ಉಳೀತಿತ್ತೋ."

ಅಕ್ಕ ಖಾಲಿ ಸಿಪ್ಪೆಯನ್ನು ಬದಿಗಿಟ್ಟು ಇನ್ನೊಂದನ್ನು ಕೈಗೆ ತೆಗೆದುಕೊಂಡಳು.

"ನಡಾ ನೋವು ಅಂತ ದೇವರ ಮುಂದ ಸುದ್ದೆ ಕುಂದರದ ಮನಶ್ಯಾ, ಕಳ್ಳರಂಗ ಆ ಕತ್ತಲ್ಯಾಗ ಕುಕ್ಕರಗಾಲಿಲೆ ಕುಂತಿದ್ರು. ಎದುರಿಗೆ ನಿಂತು ಕೇಳಿದ್ದೆ ಅಂದ್ರ ಹೌದು ಅಂದ ಬಿಡತಿದ್ರು. ಹೌದು ಅಂದ ಮ್ಯಾಲೆ ನಾ ಅವರ ತಾಟಿಗೆ ಹೆಂಗ ಬಡಸ್ಲಿ, ಬಸೂ? ನೌಕರಿಗೆ ಹೋಗೂಮಟಾ ಅವರು ಹಂಗ ಕುಂದರತಿದ್ರು, ನಾ ಒಂದಿನಾ ಕೇಳತಿದ್ದೆ. ಎರಡರಾಗ ಒಂದ ಬಿಡಬೇಕಿತ್ತು. ಬಿಡಾಕ ಬರೂದನ್ನ ಬಿಟ್ಟೆ."